ಬಾನಾ ಲೊಂಬೆಯ ಚಿಲಕಗಳು

"ಈ ಹೆಣ ಹೊರಗೆ ಹೋಗೋದಿಲ್ಲ!" ಎಂದು ಮುದುಕ ಸೋಕೊ ಹೊಸ್ತಿಲಿಗೆ ಅಡ್ಡಲಾಗಿ ಮಲಗಿಯೇಬಿಟ್ಟ. ಬಾಗಿಲಿನ ಒಂದು ಪಕ್ಕಕ್ಕೆ ತಲೆ, ಇನ್ನೊಂದು ಪಕ್ಕಕ್ಕೆ ಕಾಲು, ಹೊಟ್ಟೆಯ ಮೇಲೆ ಮಡಿಸಿದ ಹಳೆಯ ಕರಿಕೋಟು. ಒಳಗೆ ಪೆಟ್ಟಿಗೆ ಎತ್ತಿ ಹಿಡಿದಿದ್ದ ಆರು ಮಂದಿ ಇದ್ದಲ್ಲೇ ನಿಂತರು. ಗೋಡೆಯ ಸುತ್ತ ಚಾಪೆಯ ಮೇಲೆ ಕೂತು ಎರಡು ದಿನದಿಂದ ಅತ್ತು ಗಂಟಲು ಕಟ್ಟಿಸಿಕೊಂಡಿದ್ದ ಹೆಂಗಸರಲ್ಲಿ ಯಾರೋ ಮೂಗು ಒರೆಸಿಕೊಳ್ಳುತ್ತಲೇ ಕಿಸಕ್ಕನೆ ನಕ್ಕರು.

"ಏಳಯ್ಯ ಇಲಿ ತಿನ್ನೋನೇ, ತೂಕ ಇದೆ" ಎಂದ ಪೆಟ್ಟಿಗೆಯ ಮುಂಭಾಗ ಹಿಡಿದಿದ್ದವನು.

"ತೂಕ ಇರದೆ ಏನು? ನಲವತ್ತು ವರ್ಷ ನನ್ನ ತಲೆ ತಿಂದಿದ್ದಾಳೆ. ತಿಂದದ್ದೆಲ್ಲ ಎಲ್ಲಿಗೆ ಹೋಗತ್ತೆ, ಹೊಟ್ಟೇಲೇ ಇದೆ! ನನಗೊಂದು ಮಾತು ಹೇಳದೆ ಸತ್ತಿದ್ದಾಳೆ. ಕೇಳಿ ಅವಳನ್ನ, ಕೋತಿ ತಿನ್ನೋರ ಮಗಳನ್ನ. ನಾವೆಂದ್ರೆ ಅಷ್ಟು ಸದರಾನಾ?"

ಹಾಗೆ ಅನ್ನುವ ಹಕ್ಕು ಅವನಿಗಿತ್ತು: ಅವನು ಎನ್ಗೋನಿ ಕುಲದವನು, ಸತ್ತವಳು ಬೆಂಬಾ ಕುಲದವಳು. ಬೆಂಬಾದವರ ಮನೆಯಲ್ಲಿ ಸಾವಾದರೆ ಎನ್ಗೋನಿಯವರು ಬಂದು ಹೆಣವನ್ನೂ ಹೆಣದ ನೆಂಟರನ್ನೂ ಬಾಯಿಗೆ ಬಂದಂತೆ ಅನ್ನಬಹುದು. ಎನ್ಗೋನಿಯವರ ಮನೆಯಲ್ಲಾದರೆ ಬೆಂಬಾದವರು. ಎಂದೋ ಈಟಿ ಹಿಡಿದು ಕಾದಾಡಿದ ಎರಡು ಕುಲಗಳಿಗೆ ಕೊನೆಗೆ ಉಳಿದದ್ದು ಈ ಅಣಕದ ನಂಟು. ಅವರ ಮಾತಿಗೆ ಸಿಟ್ಟಾಗುವಂತಿಲ್ಲ. ಸಿಟ್ಟಾದವನೇ ಸಣ್ಣವನು.

ಪೆಟ್ಟಿಗೆಯಲ್ಲಿದ್ದವಳು ಎಕ್ಸಿಲ್ಡಾ ಚಂಶಿ. ಅರವತ್ತೆರಡು ವರ್ಷ. ಬೋರ್ಡಿಂಗ್ ಶಾಲೆಯ ಅಡುಗೆಯವಳಾಗಿ ನಿವೃತ್ತಳಾದವಳು. ಚಿತೊಂಗೊ ಬಡಾವಣೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಬಾನಾ ಲೊಂಬೆ, ಎಂದರೆ ಲೊಂಬೆಯ ತಾಯಿ. ಲೊಂಬೆ ಸತ್ತು ಹದಿನೆಂಟು ವರ್ಷವಾಗಿದ್ದರೂ ತಾಯಿಯ ಹೆಸರು ಹಾಗೆಯೇ ಉಳಿದಿತ್ತು.

ಸತ್ತವಳ ತಮ್ಮ ಆಗ್ರಿ ಅಂಗಳದಿಂದ ಬಿರಬಿರನೆ ಬಂದ. ಚರ್ಚಿನ ಹಿರಿಯ, ಕೊರಳಿಗೆ ಟೈ, ಕೈಯಲ್ಲಿ ಮಡಿಸಿದ ಹಾಳೆ.

"ಸಾಕು ಸೋಕೊ, ಏಳಿ. ಪುರಸಭೆಯವರು ಬಂದಿದ್ದಾರೆ. ಜನ ಸ್ಮಶಾನಕ್ಕೆ ಹೋಗೋಕೆ ಅಂತ ಲಾರೀನೂ ಕಳಿಸಿದ್ದಾರೆ. ಸಿಯಾಮೆ ಸಾಹೇಬ್ರು ತಾವೇ ಹೂವಿನ ಚಕ್ರ ತಂದಿದ್ದಾರೆ."

ಸೋಕೊ ಮುಖದಲ್ಲಿದ್ದ ನಗು ಆರಿಹೋಯಿತು. ಯಾರೂ ಕೈ ಕೊಡದೆ ತಾನೇ ಗೋಡೆ ಹಿಡಿದು ಎದ್ದ.

"ಯಾವ ಲಾರಿ?"

ಆಗ್ರಿ ಕೈಯ ಹಾಳೆಯಿಂದಲೇ ರಸ್ತೆಯತ್ತ ತೋರಿಸಿದ. ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ನಿಂತು ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದ ಹತ್ತೊಂಬತ್ತರ ಹುಡುಗಿ ಬೂಪೆ ರಸ್ತೆಯ ಕಡೆ ತಿರುಗಿ ನೋಡಿದಳು. ನೀಲಿ ಲಾರಿ. ಎರಡೂ ಬದಿಗೆ ಕಬ್ಬಿಣದ ಕಂಬಿ, ಹಿಂದಿನ ಬಾಗಿಲಿಗೆ ದಪ್ಪ ಸರಪಣಿ. ಅವಳ ಕೈಯಲ್ಲಿದ್ದ ಮುದ್ದೆಕೋಲು ಪಾತ್ರೆಯೊಳಗೇ ನಿಂತಿತು.

*

ಈ ಮನೆಯ ಹಿಂದಿನ ಕೋಣೆಯ ಬಾಗಿಲಿಗೆ ಒಂದು ಕಾಲದಲ್ಲಿ ಒಳಗಡೆ ಚಿಲಕವಿರಲಿಲ್ಲ. ಲೊಂಬೆ ಮಲಗುತ್ತಿದ್ದದ್ದು ಅಲ್ಲೇ. ಹದಿನೇಳರ ವಯಸ್ಸಿನಲ್ಲಿ ಅವಳು ಒಂದು ಬೆಳಿಗ್ಗೆ ಶಾಲೆಯ ಅಡುಗೆಮನೆಗೇ ಬಂದು, ಬೀನ್ಸ್ ಬೇಯಿಸುತ್ತಿದ್ದ ತಾಯಿಯ ಪಕ್ಕ ನಿಂತು, "ಅವ್ವ, ಅವನು ನನ್ನ ಬಾಗಿಲು ತಳ್ಳಿಕೊಂಡು ಬರ್ತಾನೆ" ಅಂದಳು. ಅವನು ಎಂದರೆ ಎಕ್ಸಿಲ್ಡಾಳ ಎರಡನೆಯ ಗಂಡ.

ಎಕ್ಸಿಲ್ಡಾ ಮಗಳ ಕೆನ್ನೆಗೆ ಬಾರಿಸಿದಳು. "ಮನೆ ಒಡೆಯೋ ಬಾಯಿ" ಅಂದಳು.

ಲೊಂಬೆ ಅಂದೇ ಹೊರಟಳು. ಎಂಟು ತಿಂಗಳು ಬಸ್ ನಿಲ್ದಾಣದಲ್ಲಿ ಕಳೆದಳು. ಆ ಸೀಮೆಯಲ್ಲಿ ಜೂನ್ ಎಂದರೆ ಚಳಿಗಾಲ; ಆ ಚಳಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ನರ್ಸು ಮನೆಯ ವಿಳಾಸ ಕೇಳಿದಾಗ ಇಲ್ಲ ಅಂದಳಂತೆ. ತಾಯಿಗೆ ಸುದ್ದಿ ಮುಟ್ಟಿದ್ದು ಮಗಳು ಸತ್ತ ನಾಲ್ಕನೆಯ ದಿನ.

ಎಕ್ಸಿಲ್ಡಾ ಗಂಡನ ಬಟ್ಟೆಬರೆಯನ್ನೆಲ್ಲ ರಸ್ತೆಗೆ ಎಸೆದಳು. ಅದನ್ನು ಎಂಟು ತಿಂಗಳ ಹಿಂದೆ ಮಾಡಬೇಕಿತ್ತು; ಅದು ಅವಳಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ಆಮೇಲೆ ಪೇಟೆಗೆ ಹೋಗಿ ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ತಂದು ಖಾಲಿ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಚಿಲಕ ಕೂರಿಸಿದಳು.

"ಸತ್ತ ಮೇಲೆ ಚಿಲಕ ಯಾಕಕ್ಕ?" ಎಂದ ಆಗ್ರಿ.

"ಇನ್ನೊಬ್ಬಳು ಹೆತ್ತ ಮಗಳಿಗೆ" ಅಂದಳು.

ಅಂದಿನಿಂದ ಅವಳ ಕೆಲಸ ಅದೇ. ಶಾಲೆಯ ಅಡುಗೆ ಮುಗಿಸಿ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಹೋಗುವುದು, ತರಕಾರಿ ಕಟ್ಟೆಗಳ ಹಿಂದೆ, ಟೈರುಗಳ ರಾಶಿಯ ಪಕ್ಕ ಬಿದ್ದುಕೊಂಡಿರುತ್ತಿದ್ದ ಹುಡುಗ ಹುಡುಗಿಯರ ನಡುವೆ ಕೂರುವುದು. ಮೆತ್ತಗೆ ಮಾತಾಡುವುದು ಅವಳಿಗೆ ಒಗ್ಗದ ವಿಷಯ. ಗದರುತ್ತಿದ್ದಳು. ಬೂಪೆಯ ಹತ್ತಿರವೂ ಹಾಗೆಯೇ ಬಂದು ಕೂತಿದ್ದಳು. ಆಗ ಬೂಪೆಗೆ ಹದಿನಾರು, ಒಂದು ಕಾಲಿಗೆ ಮಾತ್ರ ಚಪ್ಪಲಿ.

"ಎಲ್ಲಿ ಮಲಗ್ತೀಯೆ?"

"ಎಲ್ಲಾದ್ರೂ."

"ಎಲ್ಲಾದ್ರೂ ಅನ್ನೋದು ಯಾವ ಊರು? ಬಾಯಿಬಿಟ್ಟು ಹೇಳು."

"ದೇವರ ವಿಷಯ ಹೇಳೋಕೆ ಬಂದಿದ್ರೆ ಎದ್ದು ಹೋಗಜ್ಜಿ."

"ದೇವರಿಗೂ ನನಗೂ ಮಾತು ನಿಂತು ಬಹಳ ದಿನ ಆಯ್ತು. ಕಸ ಗುಡಿಸೋಕೆ ಬರತ್ತಾ? ಬಾ, ಎದ್ದೇಳು."

ಆವತ್ತು ನೇರ ಸೋಕೊನ ಮನೆಗೆ ಕರೆದುಕೊಂಡು ಹೋಗಿದ್ದಳು. ಸೋಕೊ ಗಣಿಯ ರೈಲು ಓಡಿಸಿ ನಿವೃತ್ತನಾದವನು. ಹೆಂಡತಿ ಇಲ್ಲ, ಅಂಗಳದ ಹಿಂದೆ ಮೂರು ಕೋಣೆ.

"ಏ ಇಲಿ ತಿನ್ನೋನೇ, ಆ ಹಿಂದಿನ ಕೋಣೇಲಿ ಏನಿಟ್ಟಿದ್ದೀಯ?"

"ಮುರಿದ ಸೈಕಲ್ಲು."

"ಸೈಕಲ್ಲಿಗೆ ಚಳಿ ಆಗತ್ತಾ?"

"ನೋಡು ಬಾನಾ ಲೊಂಬೆ, ಗುರುತು ಪರಿಚಯ ಇಲ್ಲದೋಳು. ನಾಳೆ ಕದ್ದುಕೊಂಡು ಹೋದ್ರೆ?"

"ನಿನ್ನ ಮನೇಲಿ ಕದಿಯೋಕೇನಿದೆ, ನಿನ್ನ ಹಲ್ಲಾ? ಅದೂ ಎರಡೇ. ಕದ್ರೆ ನನ್ನ ಮನೆಗೆ ಬಂದು ನನ್ನ ಪಾತ್ರೆ ಎತ್ತಿಕೊಂಡು ಹೋಗು."

ಸೈಕಲ್ಲು ಹೊರಗೆ ಬಂತು. ಎಕ್ಸಿಲ್ಡಾ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಬಾಗಿಲ ಮುಂದೆ ಮಂಡಿಯೂರಿ, ಉಸಿರು ಬಿಗಿಹಿಡಿದು ಸ್ಕ್ರೂ ತಿರುಗಿಸಿದಳು. ಮುಗಿಸಿ ಚಿಲಕವನ್ನು ಎರಡು ಸಲ ಎಳೆದು ನೋಡಿದಳು.

"ಇದು ನಿನ್ನ ಕಡೆ ಇರೋದು" ಎಂದಳು ಬೂಪೆಗೆ. "ಈ ಮುದುಕ ಬಡಿದ್ರೂ ಅಷ್ಟೇ, ನಾನು ಬಡಿದ್ರೂ ಅಷ್ಟೇ. ನಿನಗೆ ಮನಸ್ಸಿದ್ರೆ ತೆಗಿ, ಇಲ್ದಿದ್ರೆ ಇಲ್ಲ."

ಮೂರು ವರ್ಷವಾಗಿತ್ತು. ಬೂಪೆ ಈಗ ಸೋಕೊನ ಅಂಗಳದಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು; ಮಧ್ಯಾಹ್ನದ ಹೊತ್ತು ಎಕ್ಸಿಲ್ಡಾಳ ಜೊತೆ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದಳು. ಚಿತೊಂಗೊದಲ್ಲಿ ಅವಳಂಥವರು ಇಪ್ಪತ್ತಾರು ಮಂದಿ ಇದ್ದರು, ಹತ್ತೊಂಬತ್ತು ಅಂಗಳಗಳ ಹಿಂದಿನ ಕೋಣೆಗಳಲ್ಲಿ. ಎಲ್ಲ ಬಾಗಿಲಿಗೂ ಒಳಗಡೆ ಚಿಲಕ.

*

"ಇದೇ ಲಾರಿ" ಎಂದ ಕಸೂಬ. ಬೆಳಗಿನ ಜಾವದಿಂದ ನಾಲ್ವರ ಜೊತೆ ಗುಂಡಿ ತೋಡಿ ಬಂದಿದ್ದ. ಮೊಣಕಾಲವರೆಗೆ ಕೆಂಪು ಮಣ್ಣು. ಹದಿನೆಂಟರ ಅವನು ಒಂದು ವರ್ಷದಿಂದ ಎಕ್ಸಿಲ್ಡಾಳ ಹಿಂದಿನ ಕೋಣೆಯಲ್ಲಿದ್ದ.

"ಲಾರಿ ಅಂದ್ರೆ ಲಾರಿ" ಎಂದ ಆಗ್ರಿ. "ಏಳು ಕಿಲೋಮೀಟರು ಯಾರಪ್ಪ ನಡೀತಾರೆ ಈ ಬಿಸಿಲಲ್ಲಿ? ಹತ್ತಿ, ಹತ್ತಿ."

"ಇದರಲ್ಲೇ ನಮ್ಮನ್ನ ತುಂಬಿಕೊಂಡು ಹೋಗಿದ್ದು ಮಾವ. ನಾನು ಇದ್ದಿಲು ತರೋಕೆ ಹೋಗಿದ್ದೆ. ಚೀಲ ಕೈಯಲ್ಲೇ ಇತ್ತು."

"ಇವತ್ತು ಬೇಡ. ದೊಡ್ಡವರು ಬಂದಿದ್ದಾರೆ. ಅಕ್ಕನ ಮಾನ ಕಳೀಬೇಡಿ."

ಬೂಪೆ ಮುಂದೆ ಬಂದಳು. ಅವಳ ಧ್ವನಿ ಏರಲಿಲ್ಲ. ಏರದಂತೆ ಹಿಡಿದುಕೊಂಡಿದ್ದಕ್ಕೆ ಕುತ್ತಿಗೆಯ ನರ ಉಬ್ಬಿತ್ತು. "ಅವ್ವನ್ನ ಕೊಂದ ಲಾರೀಲಿ ಅವ್ವನ ಮಣ್ಣಿಗೆ ಹೋಗೋದಾ ಮಾವ?"

ಕಪ್ಪು ಕಾರಿನ ಪಕ್ಕ ನಿಂತಿದ್ದ ಸಿಯಾಮೆ ಸಾಹೇಬ ಇತ್ತ ಬಂದ. ಪುರಸಭೆಯ ನೈರ್ಮಲ್ಯ ವಿಭಾಗದ ಮುಖ್ಯಸ್ಥ. ಇಸ್ತ್ರಿ ಹಾಕಿದ ಬೂದು ಸೂಟು, ತೋಳಿನಲ್ಲಿ ಪ್ಲಾಸ್ಟಿಕ್ ಹೂವಿನ ಚಕ್ರ.

"ಏನಾದ್ರೂ ತೊಂದರೆಯಾ ಚಂಶಿಯವರೇ?"

"ಏನಿಲ್ಲ ಸಾಹೇಬ್ರೆ, ಹುಡುಗರು..."

ಸಾಹೇಬ ಬೂಪೆಯ ಕಡೆಗೆ ನೋಡಿ ಮೃದುವಾಗಿ ಹೇಳಿದ: "ಭಯ ಬೇಡಮ್ಮ. ನಿನ್ನೆನೇ ಲಾರೀನ ಚೆನ್ನಾಗಿ ತೊಳೆಸಿದ್ದೀವಿ."

ಕಸೂಬ ಪಿಚಕ್ಕನೆ ನೆಲಕ್ಕೆ ಉಗಿದ. ಪೆಟ್ಟಿಗೆ ಹೊತ್ತವರು ಅದನ್ನು ನೆರೆಮನೆಯವನ ಪಿಕಪ್ಪಿನಲ್ಲಿ ಇಟ್ಟರು. ಪಿಕಪ್ಪು ನಿಧಾನವಾಗಿ ಹೊರಟಿತು. ಇಪ್ಪತ್ತೈದು ಮಂದಿ ಹುಡುಗ ಹುಡುಗಿಯರು ಅದರ ಹಿಂದೆ ನಡೆಯತೊಡಗಿದರು. ಸೋಕೊ ಕರಿಕೋಟು ಹೆಗಲಿಗೆ ಹಾಕಿಕೊಂಡು ಅವರ ಜೊತೆ ಸೇರಿದ.

ಚರ್ಚಿನ ಹಾಡುಗಾರರ ಗುಂಪು ಆಗಲೇ ಲಾರಿ ಹತ್ತಿತ್ತು. ಅವರ ಮುಂದಾಳು ಬಾನಾ ಕುಂದ, ಕಾಲು ಊದಿ ಎರಡು ವರ್ಷದಿಂದ ಚಪ್ಪಲಿ ಹಾಕಲಾಗದವಳು, ಕಂಬಿ ಹಿಡಿದು ನಿಂತು ನಡೆಯುವವರ ಬೆನ್ನನ್ನೇ ನೋಡುತ್ತಿದ್ದಳು.

"ನನ್ನನ್ನ ಇಳಿಸಿ" ಅಂದಳು.

"ನಿನ್ನ ಕಾಲಿಗೆ ಆಗಲ್ಲ ಬಾನಾ ಕುಂದ."

"ಕಾಲು ನಂದು. ಇಳಿಸಿ ಅಂದೆ."

ಅವಳನ್ನು ಇಬ್ಬರು ಹಿಡಿದು ಇಳಿಸಿದರು. ಹಿಂದೆಯೇ ಒಬ್ಬೊಬ್ಬರಾಗಿ ಹಾಡುಗಾರರೆಲ್ಲ ಇಳಿದರು. ಲಾರಿಯಲ್ಲಿ ಉಳಿದವರು ಆಗ್ರಿಯ ಕಡೆಯ ಏಳೆಂಟು ಹಿರಿಯರು. ಅವರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಯಾರನ್ನೂ ನೋಡದೆ ಕೂತರು.

*

ಒಂಬತ್ತು ದಿನದ ಹಿಂದಿನ ಸೋಮವಾರ ಅದು. ಗಣಿಯವರ ದೊಡ್ಡ ಸಮ್ಮೇಳನಕ್ಕೆ ಹೊರದೇಶದವರು ಬರುವವರಿದ್ದರು. ಮುಖ್ಯರಸ್ತೆಯ ಮರಗಳಿಗೆ ಸುಣ್ಣ ಬಳಿದಾಗಿತ್ತು. ಆಮೇಲೆ ಬಸ್ ನಿಲ್ದಾಣದ ಸರದಿ. ನೀಲಿ ಲಾರಿ ಬಂದು, ಪುರಸಭೆಯ ದೊಣ್ಣೆಯವರು ಇಳಿದು, ಸಿಕ್ಕವರನ್ನು ಎತ್ತಿ ಹಾಕಿದರು. ಹನ್ನೊಂದು ಮಂದಿ. ಅವರಲ್ಲಿ ನಾಲ್ವರಿಗೆ ಚಿತೊಂಗೊದಲ್ಲಿ ಕೋಣೆಯಿತ್ತು. ಕಸೂಬ ಒಬ್ಬ, ಚೋಲ ಒಬ್ಬಳು. ಚೋಲ ಹದಿನಾರರ ಹುಡುಗಿ. ಬಾನಾ ಕುಂದಳ ಹಿಂದಿನ ಕೋಣೆಗೆ ಬಂದು ಹದಿನೈದು ದಿನವಾಗಿತ್ತಷ್ಟೇ. ಆವತ್ತು ಜ್ವರವಿತ್ತು, ಮಾತ್ರೆ ತರಲು ಪೇಟೆಗೆ ಹೋಗಿದ್ದಳು.

ಎಕ್ಸಿಲ್ಡಾ ಮಧ್ಯಾಹ್ನವೇ ಪುರಸಭೆಗೆ ಹೋದಳು.

"ಮನೆಮಠ ಇಲ್ಲದವರನ್ನ ಸುರಕ್ಷಿತ ಜಾಗಕ್ಕೆ ಸಾಗಿಸಿದ್ದೀವಿ ತಾಯಿ" ಎಂದ ಸಿಯಾಮೆ.

"ನಾಲ್ಕು ಜನಕ್ಕೆ ಮನೆ ಇದೆ. ನಾನೇ ಹುಡುಕಿಕೊಟ್ಟಿದ್ದು. ಮನೆ ನಂಬರು ಹೇಳ್ಲಾ?"

"ಅದಕ್ಕೆಲ್ಲ ಬಾಡಿಗೆ ಪತ್ರ ಇದೆಯಾ?"

"ಚಿಲಕ ಇದೆ."

"ಏನು?"

"ಬಾಗಿಲಿಗೆ ಚಿಲಕ ಇದೆ. ಬಂದು ನೋಡಿ. ಉಳಿದ ಏಳು ಮಂದಿಗೂ ಹುಡುಕ್ತಿದ್ದೆ. ಒಂದು ತಿಂಗಳು ಕೊಟ್ಟಿದ್ರೆ ನಿಮ್ಮ ನಿಲ್ದಾಣ ತಾನಾಗೇ ಖಾಲಿ ಆಗ್ತಿತ್ತು. ಯಾವ ಜಾಗ ಅದು, ನೀವು ಸಾಗಿಸಿದ್ದು?"

ಸಾಹೇಬ ಜಾಗದ ಹೆಸರು ಹೇಳಲಿಲ್ಲ. ಅದನ್ನು ಹೇಳಿದವನು ಹೊರಗೆ ಬಾಗಿಲು ಕಾಯುತ್ತಿದ್ದ ಮುದುಕ, ಪಿಸುಮಾತಿನಲ್ಲಿ: ಕಾಡಿನ ಆಚೆ, ಡಾಂಬರು ಮುಗಿಯುವಲ್ಲಿಂದ ಇನ್ನೂ ಮುಂದೆ, ಮುಚ್ಚಿಹೋದ ಮರ ಕೊಯ್ಯುವ ಮಿಲ್ಲಿನ ಹತ್ತಿರ.

ಮರುದಿನ ಅವಳೂ ಸೋಕೊನೂ ಇದ್ದಿಲಿನ ಲಾರಿಯೊಂದರಲ್ಲಿ ಡಾಂಬರು ಮುಗಿಯುವ ತನಕ ಹೋದರು. ಅಲ್ಲಿಂದ ಹದಿನಾಲ್ಕು ಕಿಲೋಮೀಟರು ನಡಿಗೆ. ಮಳೆಗಾಲಕ್ಕೆ ಮುಂಚಿನ ಅಕ್ಟೋಬರ್ ಬಿಸಿಲು, ಮರದಲ್ಲಿ ಎಲೆಯಿಲ್ಲ, ನೆಲದಲ್ಲಿ ನೀರಿಲ್ಲ. ಎಕ್ಸಿಲ್ಡಾ ಎರಡು ಸಲ ಕೂತಳು.

"ಸಾಯಬೇಡ ಮಾರಾಯ್ತಿ" ಎಂದ ಸೋಕೊ. "ಇಲ್ಲಿ ಸತ್ರೆ ನಿನ್ನನ್ನ ಹೊತ್ತುಕೊಂಡು ಹೋಗೋರಾರು?"

"ನಡಿ. ನಿನ್ನ ಬಾಯಿಗಿಂತ ಬಿಸಿಲೇ ವಾಸಿ."

ಮಿಲ್ಲಿನ ಮುರುಕು ಶೆಡ್ಡಿನಲ್ಲಿ ಹುಡುಗರು ಸಿಕ್ಕರು. ಒಬ್ಬನ ತೋಳು ಮುರಿದಿತ್ತು. ಹಿಂದಿನ ದಿನದಿಂದ ಹೊಟ್ಟೆಗೆ ಇಲ್ಲ. ಎಕ್ಸಿಲ್ಡಾ ತಂದ ಕಡಲೆಕಾಯಿ ಹಂಚುತ್ತಾ ಎಲ್ಲರ ಮುಖ ನೋಡಿದಳು. ಮತ್ತೊಮ್ಮೆ ನೋಡಿದಳು. ಹತ್ತೇ ಮಂದಿ.

"ಚೋಲ ಎಲ್ಲಿ?"

ಅವರಿಗೂ ಗೊತ್ತಿರಲಿಲ್ಲ. ಲಾರಿಯ ಮೇಲೆ ಟಾರ್ಪಾಲು ಬಿಗಿದಿದ್ದರು, ಒಳಗೆ ಕತ್ತಲು. ಚೋಲ ಹಿಂಬಾಗಿಲ ಹತ್ತಿರ ವಾಂತಿ ಮಾಡಿಕೊಳ್ಳುತ್ತಿದ್ದಳು. ದಾರಿಯಲ್ಲಿ ಲಾರಿ ಒಮ್ಮೆ ನಿಂತಿತು, ಸರಪಣಿ ಬಿಚ್ಚಿದ ಸದ್ದಾಯಿತು, ಮತ್ತೆ ಹೊರಟಿತು. ಮಿಲ್ಲಿನಲ್ಲಿ ಇಳಿಸಿದಾಗ ಅವಳಿರಲಿಲ್ಲ.

ಹತ್ತು ಮಂದಿಯನ್ನು ಸೋಕೊನ ಜೊತೆ ಊರಿಗೆ ಕಳಿಸಿ ಎಕ್ಸಿಲ್ಡಾ ಹಿಂದೆ ಉಳಿದಳು. ಡಾಂಬರು ರಸ್ತೆಯ ಇಕ್ಕೆಲದ ಹಳ್ಳಿಗಳಲ್ಲಿ ಮೂರು ದಿನ ಕೇಳಿಕೊಂಡು ಬಂದಳು. ಯಾರೂ ಅಂಥ ಹುಡುಗಿಯನ್ನು ಕಂಡಿರಲಿಲ್ಲ. ಶನಿವಾರ ಬಾವಿಗೆ ಬಿದ್ದ ಕಲ್ಲಿನ ಹಾಗೆ ಮಲಗಿ, ಸೋಮವಾರ ಬೆಳಿಗ್ಗೆ ಮತ್ತೆ ಪುರಸಭೆಗೆ ಹೋದಳು. ಬೂಪೆ ಜೊತೆಗೆ ಬರುತ್ತೇನೆಂದರೆ ಬೈದು ಬಸ್ ನಿಲ್ದಾಣಕ್ಕೆ ಅಟ್ಟಿದಳು: ಅಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಾಳಂತೆ, ಮೊದಲು ಅವಳನ್ನು ನೋಡು.

ಸಾಹೇಬ ಸಭೆಯಲ್ಲಿದ್ದ. ಎಕ್ಸಿಲ್ಡಾ ಹೊರಗಿನ ಬೆಂಚಿನ ಮೇಲೆ ಕೂತಳು. ಒಮ್ಮೆ ಗುಮಾಸ್ತ ಬಂದು, ಚೋಲ ಎಂಬ ಹೆಸರು ಪಟ್ಟಿಯಲ್ಲಿ ಇಲ್ಲ ಎಂದು ಹೇಳಿ ಹೋದ. ಸರಿ, ಕಾಯ್ತೀನಿ, ಅಂದಳು. ಊಟದ ಬಿಡುವು ಮುಗಿಸಿ ಬಂದ ಗುಮಾಸ್ತ, ಇನ್ನೂ ಹೋಗಿಲ್ವಾ ಅಜ್ಜಿ, ಎಂದು ಭುಜ ತಟ್ಟಿದಾಗ ಅವಳು ಗೋಡೆಗೆ ಒರಗಿದಂತೆಯೇ ಇದ್ದಳು. ಸಾಹೇಬನ ಬಾಗಿಲು ಅವಳಿಂದ ಎಂಟು ಹೆಜ್ಜೆ.

*

ಗುಂಡಿಗೆ ಪೆಟ್ಟಿಗೆ ಇಳಿಸಿಯಾಗಿತ್ತು. ಕಸೂಬನೂ ಅವನ ಜೊತೆಯವರೂ ಸಲಿಕೆಯಿಂದ ಮಣ್ಣು ತುಂಬಿ, ಕೈಯಿಂದ ತಟ್ಟಿ ತಟ್ಟಿ ದಿಬ್ಬ ನುಣುಪು ಮಾಡಿದರು. ಇನ್ನು ಬದುಕಿನ ವಿವರ ಓದಬೇಕು, ದೊಡ್ಡವರು ಮಾತಾಡಬೇಕು, ಆಮೇಲೆ ಒಂದೊಂದು ಗುಂಪನ್ನೇ ಕರೆದು ದಿಬ್ಬಕ್ಕೆ ಹೂವು ಚುಚ್ಚಿಸಬೇಕು. ಏಳು ಕಿಲೋಮೀಟರು ನಡೆದುಬಂದವರು ಬೆವರಿಗೆ ಬಟ್ಟೆ ಅಂಟಿಸಿಕೊಂಡು ಸುತ್ತ ನಿಂತಿದ್ದರು. ಬಾನಾ ಕುಂದ ಮಣ್ಣಿನ ಮೇಲೆಯೇ ಕಾಲು ಚಾಚಿ ಕೂತಿದ್ದಳು.

ಆಗ್ರಿ ಹಾಳೆ ಬಿಡಿಸಿ ಓದಿದ. ಹುಟ್ಟಿದ ಹಳ್ಳಿ, ದೀಕ್ಷಾಸ್ನಾನದ ವರ್ಷ, ಬೋರ್ಡಿಂಗ್ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷದ ಸೇವೆ. "ಕರ್ತನು ಕೊಟ್ಟ ಒಬ್ಬಳೇ ಮಗಳು ಅಕಾಲದಲ್ಲಿ ತೀರಿಕೊಂಡಳು. ಮೃತಳು ಚರ್ಚಿನ ಎಲ್ಲ ಕಾರ್ಯಗಳಲ್ಲಿಯೂ ಭಾಗವಹಿಸುತ್ತಿದ್ದಳು." ಹಾಳೆ ಅಲ್ಲಿಗೆ ಮುಗಿಯಿತು. ನಿಲ್ದಾಣ ಇರಲಿಲ್ಲ, ಕೋಣೆಗಳಿರಲಿಲ್ಲ, ಇಪ್ಪತ್ತಾರರಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ಸಿಯಾಮೆ ಸಾಹೇಬ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ಈ ತಾಯಿಯನ್ನು ಕಳೆದುಕೊಂಡು ಪಟ್ಟಣವೇ ಬಡವಾಗಿದೆ. ಬೀದಿಯ ಮಕ್ಕಳಿಗೆ ಸುರಕ್ಷಿತ ಸೂರು ಒದಗಿಸುವ ಕೆಲಸದಲ್ಲಿ ನಮ್ಮ ವಿಭಾಗವೂ ಈ ತಾಯಿಯೂ ಕೈಜೋಡಿಸಿ ನಡೆದೆವು. ಕೊನೆಯ ದಿನವೂ ಅವರು ನಮ್ಮ ಕಚೇರಿಗೇ ಬಂದಿದ್ದರು..."

ಗಹಗಹಿಸಿ ನಕ್ಕ ಸದ್ದು. ಸೋಕೊ ಗುಂಪಿನಿಂದ ಹೊರಬಂದು ದಿಬ್ಬದ ಪಕ್ಕ ನಿಂತಿದ್ದ.

"ಸೋಕೊ!" ಎಂದ ಆಗ್ರಿ.

"ನಾನು ಹೆಣದ ಅಣಕದ ನಂಟ ಆಗ್ರಿ. ಸುಮ್ಮನಿರು ಅನ್ನೋ ಹಾಗಿಲ್ಲ." ಸೋಕೊ ಸಾಹೇಬನ ಕಡೆ ತಿರುಗಿ ಕೈಮುಗಿದ. "ಸಾಹೇಬ್ರೆ, ನಿಮಗೂ ನನಗೂ ಆ ನಂಟಿಲ್ಲ. ನಿಮ್ಮನ್ನ ಬೈಯೋ ಹಕ್ಕು ನನಗಿಲ್ಲ. ಇವಳನ್ನ ಬೈತೀನಿ, ನೀವು ನಿಂತು ಕೇಳಿ."

ಅವನು ದಿಬ್ಬದ ಕಡೆಗೆ ಬಗ್ಗಿ ಕಿವುಡರಿಗೆ ಹೇಳುವಂತೆ ಕೂಗಿದ:

"ಏ ಬಾನಾ ಲೊಂಬೆ! ಎಂಥಾ ದಡ್ಡಿಯೇ ನೀನು! ಸಾಹೇಬ್ರು ನಿನ್ನ ಕೈ ಹಿಡಿದುಕೊಂಡೇ ನಡೆದ್ರಂತೆ. ಹದಿನಾಲ್ಕು ಕಿಲೋಮೀಟರು ನಿನ್ನ ಪಕ್ಕ ನಡೆದೋನು ನಾನು ಅಂದ್ಕೊಂಡಿದ್ದೆ. ಬಿಸಿಲಿಗೆ ಕಣ್ಣು ಮಂಜಾಗಿತ್ತೇನೋ, ಅದು ಸಾಹೇಬ್ರೇ ಇರಬೇಕು!"

ಹಾಡುಗಾರರ ನಡುವೆ ಸಣ್ಣಗೆ ನಗು ಹರಿಯಿತು. ಬೂಪೆ ನಗಲಿಲ್ಲ.

"ಸುರಕ್ಷಿತ ಜಾಗ ಅಂದ್ರೇನು ಅಂತ ನಿನಗೇನೇ ಗೊತ್ತು, ಬೀನ್ಸ್ ಬೇಯಿಸೋಳಿಗೆ? ಒಂದು ಕೋಣೆ, ಒಂದು ಚಾಪೆ, ಒಂದು ಚಿಲಕ! ಛೀ! ಸಾಹೇಬ್ರನ್ನ ನೋಡಿ ಕಲಿ. ಒಂದು ಕಾಡು, ಒಂದು ಮುರಿದ ಶೆಡ್ಡು, ಒಂದು ಮುರಿದ ತೋಳು. ಬಾಡಿಗೆ ಪತ್ರವೂ ಬೇಡ! ಮತ್ತೆ ನಿನಗೆ ಲೆಕ್ಕಾನೂ ಬರಲ್ಲ. ಹತ್ತು ಮಂದಿ ಸಿಕ್ಕಿದ್ರಲ್ಲ, ಸಾಲದಾಗಿತ್ತಾ? ಹನ್ನೊಂದು, ಹನ್ನೊಂದು ಅಂತ ಹಳ್ಳಿ ಹಳ್ಳಿ ಸುತ್ತಿದೆ. ಹನ್ನೊಂದು, ಹನ್ನೊಂದು ಅಂತ ಹೋಗಿ ಬೆಂಚಿನ ಮೇಲೆ..."

ಅವನು ಕೋಟನ್ನು ಮುದ್ದೆ ಮಾಡಿ ಎದೆಗೆ ಹಿಡಿದುಕೊಂಡ. ಈಗ ಯಾರೂ ನಗುತ್ತಿರಲಿಲ್ಲ.

"ಎದ್ದೇಳೇ" ಎಂದ, ಮೆಲ್ಲಗೆ. "ಆವತ್ತು ಸಭೇಲಿದ್ರು. ಇವತ್ತು ಎದುರಿಗೇ ನಿಂತಿದ್ದಾರೆ. ಎದ್ದು ಕೇಳು."

ಕೇಳಿದವಳು ಬೂಪೆ:

"ಚೋಲ ಎಲ್ಲಿ?"

ಸಾಹೇಬ ಆಗ್ರಿಯ ಕಡೆ ನೋಡಿದ. ಆಗ್ರಿ ನೆಲ ನೋಡುತ್ತಿದ್ದ.

"ದುಃಖದಲ್ಲಿ ಮಾತು ಹೆಚ್ಚುಕಡಿಮೆ ಆಗತ್ತೆ, ನನಗೆ ಅರ್ಥ ಆಗತ್ತೆ" ಎಂದ ಸಾಹೇಬ. "ಆದರೆ ಆ ಹೆಸರಿನವರು ಯಾರೂ ನಮ್ಮ ಪಟ್ಟಿಯಲ್ಲಿ ಇಲ್ಲಮ್ಮ."

"ನನ್ನ ಮನೇಲಿದ್ಲು" ಎಂದಳು ನೆಲದ ಮೇಲೆ ಕೂತ ಬಾನಾ ಕುಂದ. "ಅವಳ ಬಟ್ಟೆ ಇನ್ನೂ ಹಗ್ಗದ ಮೇಲಿದೆ. ಚೋಲ ಎಲ್ಲಿ?"

"ಚೋಲ ಎಲ್ಲಿ?" ಕಸೂಬ ಸಲಿಕೆ ಹಿಡಿದೇ ಎರಡು ಹೆಜ್ಜೆ ಮುಂದಿಟ್ಟ. ಅವನ ಹಿಂದೆ ಇನ್ನೂ ನಾಲ್ವರು. ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ.

"ಪಟ್ಟೀಲಿ ಇಲ್ಲ, ನಿಜ ಸಾರ್." ಹೊಸ ಧ್ವನಿ. ಲಾರಿಯ ಚಾಲಕ ಲಾಸ್ಟನ್, ನಲವತ್ತರ ಸಣಕಲ, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ಗುಂಪಿನ ಅಂಚಿನಲ್ಲಿ ನಿಂತಿದ್ದ. "ಪಟ್ಟಿ ಬರೆಯೋಕೆ ಮುಂಚೇನೇ ಅವಳನ್ನ ಇಳಿಸಿಬಿಟ್ವಿ."

"ಲಾಸ್ಟನ್, ಲಾರಿ ಹತ್ರ ಹೋಗು."

ಲಾಸ್ಟನ್ ಹೋಗಲಿಲ್ಲ. ಸಾಹೇಬನನ್ನು ನೋಡಲೂ ಇಲ್ಲ. ಬೂಪೆಗೆ ಹೇಳಿದ:

"ಜ್ವರ ಇತ್ತು. ವಾಂತಿ ಮಾಡ್ತಿದ್ಲು. ರೋಗ ಅಂಟತ್ತೆ, ಇಳಿಸು ಅಂತ ದೊಣ್ಣೆಯೋರು ಕ್ಯಾಬಿನ್ ಬಡಿದ್ರು. ಲುಫಿಬೆ ಹೊಳೆ ಸೇತುವೆ ಹತ್ರ ನಿಲ್ಲಿಸಿದೆ. ನನ್ನ ನೀರಿನ ಬಾಟಲಿ ಕೊಟ್ಟೆ. ಅಷ್ಟೇ ಕೊಟ್ಟಿದ್ದು."

"ಅವ್ವ ಆ ದಾರೀಲಿ ಮೂರು ದಿನ ಹುಡುಕಿದ್ಲು!"

"ಅವರು ಡಾಂಬರು ರಸ್ತೇಲಿ ಹುಡುಕಿದ್ರು. ನಾವು ಹೋದದ್ದು ಹಳೇ ಗಣಿ ರಸ್ತೇಲಿ, ಜನರ ಕಣ್ಣಿಗೆ ಬೀಳಬಾರದು ಅಂತ. ಸೇತುವೆ ಕೆಳಗೆ ಮೀನು ಒಣಗಿಸೋರ ಗುಡಿಸಲು ಇದಾವೆ. ಅಲ್ಲಿ ಯಾರಾದ್ರೂ..." ಅವನು ನಿಲ್ಲಿಸಿದ. "ದಿನಾ ಹೇಳಬೇಕು ಅಂದ್ಕೊಂಡೆ. ಆವತ್ತು ಆಯಮ್ಮ ಬೆಂಚಿನ ಮೇಲೆ ಕೂತಿದ್ದಾಗ ಎದುರಿಗೇ ಎರಡು ಸಲ ಹಾದುಹೋದೆ."

ಬೂಪೆಯ ಕೈ ಎದ್ದಿತು. ಹೊಡೆಯುತ್ತಾಳೆಂದು ಲಾಸ್ಟನ್ ಕಣ್ಣು ಮುಚ್ಚಿದ. ಅವಳು ಅವನ ತೋಳು ಹಿಡಿದು ಲಾರಿಯ ಕಡೆಗೆ ತಿರುಗಿಸಿದಳು.

"ನಡಿ. ತೋರಿಸು."

ಅವಳು ಚಕ್ರದ ಮೇಲೆ ಕಾಲಿಟ್ಟು, ಕಂಬಿ ಹಿಡಿದು, ಬೆಳಿಗ್ಗೆ ಮುಟ್ಟಲೊಲ್ಲದ ಲಾರಿಯನ್ನು ಹತ್ತಿದಳು. ಹಿಂದೆ ಕಸೂಬ. ಆಮೇಲೆ ಉಳಿದ ಹುಡುಗ ಹುಡುಗಿಯರೂ. ತೋಳು ಮುರಿದವನನ್ನು ಮೇಲಿನವರು ಎಳೆದುಕೊಂಡರು. ಹಿಂಬಾಗಿಲ ಸರಪಣಿಯನ್ನು ಯಾರೋ ಕಿತ್ತು ನೆಲಕ್ಕೆ ಎಸೆದರು.

"ಲಾಸ್ಟನ್!" ಸಾಹೇಬ ಕಿರುಚಿದ. "ಕೀಲಿ ಕೊಡು ಇಲ್ಲಿ! ನಾಳೆಯಿಂದ ನಿನಗೆ ಕೆಲಸ ಇಲ್ಲ!"

"ಇವತ್ತು ಇದೆಯಲ್ಲ ಸಾರ್" ಎಂದ ಲಾಸ್ಟನ್, ಬಾಗಿಲು ತೆಗೆದು ಹತ್ತುತ್ತಾ. "ಲಾರಿ ಸಾವಿನ ಮನೆಯೋರ ಕೆಲಸಕ್ಕೆ ಅಂತ ನೀವೇ ಸಹಿ ಹಾಕಿದ್ದೀರಿ."

ಸೋಕೊ ಲಾರಿಯ ಹಿಂದೆ ನಿಂತು ಒಂದು ಕಾಲೆತ್ತಿ ಒದ್ದಾಡುತ್ತಿದ್ದ. "ತಳ್ಳಿರೋ, ಕೋತಿ ತಿನ್ನೋರ ಮಕ್ಕಳೇ!" ಇಬ್ಬರು ಕೆಳಗಿನಿಂದ ತಳ್ಳಿದರು, ಇಬ್ಬರು ಮೇಲಿನಿಂದ ಎಳೆದರು. ಅವನ ಕರಿಕೋಟು ಕೆಳಗೇ ಉಳಿಯಿತು. ಬಾನಾ ಕುಂದ ಸೊಂಟಕ್ಕೆ ಸುತ್ತಿದ್ದ ಎರಡು ಬಟ್ಟೆಗಳಲ್ಲಿ ಮೇಲಿನದನ್ನು ಬಿಚ್ಚಿ, ಉಂಡೆ ಮಾಡಿ, ಲಾರಿಯೊಳಗೆ ಎಸೆದಳು. "ಅವಳಿಗೆ ಹೊದಿಸಿ" ಎಂದಳು. ಆಗ್ರಿ ಹಾಳೆಯನ್ನು ಹಿಡಿದುಕೊಂಡೇ ನಿಂತಿದ್ದ. ದಿಬ್ಬಕ್ಕೆ ಇನ್ನೂ ಒಂದು ಹೂವೂ ಚುಚ್ಚಿರಲಿಲ್ಲ.

ಲಾರಿ ಪಟ್ಟಣದ ಕಡೆ ತಿರುಗಲಿಲ್ಲ. ಬಡಗಣ ದಿಕ್ಕಿಗೆ, ಹಳೆಯ ಗಣಿ ರಸ್ತೆಯ ಕೆಂಪು ಧೂಳಿಗೆ ಇಳಿಯಿತು. ಸೇತುವೆ ಇನ್ನೂ ನಲವತ್ತು ಕಿಲೋಮೀಟರು ದೂರವಿತ್ತು. ಆದರೂ ಸ್ಮಶಾನದ ಬೇಲಿ ದಾಟಿದ ಗಳಿಗೆಯಿಂದಲೇ ಅವರು ಎರಡೂ ಬದಿಯ ಕಂಬಿಗೆ ಸಾಲಾಗಿ ನಿಂತು, ಅರ್ಧ ಮಂದಿ ಎಡಕ್ಕೆ, ಅರ್ಧ ಮಂದಿ ಬಲಕ್ಕೆ, ಮಣ್ಣು ಮೆತ್ತಿದ ಕೈಯನ್ನು ಬಾಯಿಯ ಸುತ್ತ ಹಿಡಿದು, ಒಣಹುಲ್ಲಿನ ಕಡೆಗೆ ಚೋಲಳ ಹೆಸರು ಕೂಗತೊಡಗಿದ್ದರು.